ಕೆಂಪು ಅಂಗಿಯ ವರ್ಷ

ಡೆಟ್ರಾಯಿಟ್‌ನ ಪಶ್ಚಿಮಕ್ಕಿದ್ದ ಒಂದು ಕಾಲೇಜಿನಲ್ಲಿ ಫುಟ್‌ಬಾಲ್ ಆಟಗಾರರಿಗೆ ಗಣಿತ ಹೇಳಿಕೊಡುವ ಕೆಲಸಕ್ಕೆ ಸೇರಿದಾಗ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಅಮೆರಿಕನ್ ಆಟದ ಒಂದು ನಿಯಮವೂ ನನಗೆ ಗೊತ್ತಿರಲಿಲ್ಲ. ಕೆಲಸ ಕೊಟ್ಟವರು ಅದನ್ನು ಕೇಳಲೂ ಇಲ್ಲ. ಮೈಸೂರಿನಲ್ಲಿ ಎಂಎಸ್ಸಿ ಮಾಡಿದ್ದೆ, ಅಷ್ಟೇ ಅವರಿಗೆ ಸಾಕಾಗಿತ್ತು. ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ, ಡೆಟ್ರಾಯಿಟ್ ಹತ್ತಿರದ ಪ್ಲಿಮತ್ ಊರಿನ ಮನೆಯಲ್ಲಿ ಸುಮ್ಮನೆ ಇದ್ದೆ. ನನ್ನ ಗಂಡ ಧಾರವಾಡದವರು, ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ಮದುವೆಯಾಗಿ ಬಂದ ವರ್ಷವೇ ನನಗೆ ಪಿಎಚ್‌ಡಿಗೆ ಸೀಟು ಸಿಕ್ಕಿತ್ತು. "ಈ ವರ್ಷ ಬ್ಯಾಡ, ಮುಂದಿನ ವರ್ಷ ಸೇರಿಕೊಳ್ಳೀಯಂತ" ಎಂದಿದ್ದರು. ಅವರ ಕೆಲಸ ಇನ್ನೂ ಗಟ್ಟಿಯಾಗಿರಲಿಲ್ಲ, ಮನೆಯಲ್ಲಿದ್ದದ್ದು ಒಂದೇ ಕಾರು. ಮಾತು ಸರಿಯಾಗಿಯೇ ಇತ್ತು. ಮುಂದಿನ ವರ್ಷ ಸೀಟು ಸಿಗಲಿಲ್ಲ.

ಕಾಲೇಜಿನಲ್ಲಿ ನನ್ನ ಕೋಣೆ ಜಿಮ್ನೇಷಿಯಮ್ಮಿನ ಕೆಳಗಿತ್ತು. ಬೆವರಿನ ವಾಸನೆ, ಮೇಲೆ ಚೆಂಡು ಪುಟಿಯುವ ಸದ್ದು. ಮಂಗಳವಾರ ಬೆಳಗ್ಗೆ ಕೋಚ್ ಒಂದು ಸಭೆ ಕರೆಯುತ್ತಿದ್ದರು. ಅವರ ಸಹಾಯಕ ಕೋಚ್, ಆಟಗಾರರ ಮೈಕೈ ನೋಡಿಕೊಳ್ಳುವ ಟ್ರೇನರ್, ಮಾರ್ಕ್ಸ್ ಪಟ್ಟಿ ಹಿಡಿದುಕೊಂಡ ನಾನು, ಇಷ್ಟೇ ಜನ. ಆಗಸ್ಟ್ ತಿಂಗಳ ಸಭೆಗಳಲ್ಲಿ ಒಂದೇ ವಿಷಯ: ಹೊಸದಾಗಿ ಬಂದ ಫ್ರೆಶ್‌ಮನ್ ಹುಡುಗರಲ್ಲಿ ಯಾರನ್ನು ಈ ವರ್ಷವೇ ಆಡಿಸುವುದು, ಯಾರನ್ನು ಕೂರಿಸುವುದು.

ಕೂರಿಸುವುದಕ್ಕೆ ರೆಡ್‌ಶರ್ಟ್ ಮಾಡುವುದು ಎನ್ನುತ್ತಿದ್ದರು. ಒಬ್ಬ ಆಟಗಾರನಿಗೆ ಆಡಲು ನಾಲ್ಕು ವರ್ಷ ಮಾತ್ರ. ಆದರೆ ಮೊದಲನೇ ವರ್ಷ ತಂಡದ ಜೊತೆ ಬರೀ ಅಭ್ಯಾಸ ಮಾಡಿ, ಒಂದು ಪಂದ್ಯವನ್ನೂ ಆಡದೆ ಇದ್ದರೆ ಆ ವರ್ಷ ಎಣಿಕೆಗೆ ಬರುವುದಿಲ್ಲ. ಅಂಥವನು ಐದು ವರ್ಷ ಸ್ಕಾಲರ್‌ಶಿಪ್‌ನಲ್ಲಿ ಓದಬಹುದು, ಮೈ ಬಲಿತ ಮೇಲೆ ಆಡಬಹುದು. ಅಭ್ಯಾಸದಲ್ಲಿ ಅವರಿಗೆ ಕೆಂಪು ಅಂಗಿ. ಪಂದ್ಯದ ದಿನ ಒಂದೇ ಒಂದು ಸಲ ಮೈದಾನಕ್ಕೆ ಕಾಲಿಟ್ಟರೂ ಆ ವರ್ಷ ಹೋಯಿತು. ಫ್ರೆಶ್‌ಮನ್ನರು ದೊಡ್ಡ ತಂಡದಲ್ಲಿ ಆಡಬಹುದೆಂಬ ನಿಯಮ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹಾಗಾಗಿ ಈ ಲೆಕ್ಕಾಚಾರ ಎಲ್ಲರಿಗೂ ಹೊಸದು.

ಆ ವರ್ಷ ಬಂದವರಲ್ಲಿ ಚೆಂಡು ಹಿಡಿದು ಓಡುವ ಹುಡುಗನೊಬ್ಬನಿದ್ದ. ಡೆಟ್ರಾಯಿಟ್ ಊರೊಳಗಿನವನು. ಅವನ ತಂದೆ ಅಲಬಾಮಾದಿಂದ ಬಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದವರು. ಹುಡುಗನ ಕಾಲು ಚುರುಕು, ಭುಜ ಇನ್ನೂ ತುಂಬಿರಲಿಲ್ಲ. ಎಂಜಿನಿಯರಿಂಗ್ ಓದಬೇಕೆಂದು ಬಂದ ಆಟಗಾರ ಅವನೊಬ್ಬನೇ. ಅವನ ಜಾಗದಲ್ಲಿ ಕೊನೆಯ ವರ್ಷದ ಒಳ್ಳೆಯ ಆಟಗಾರ ಇದ್ದುದರಿಂದ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಕೂರಿಸಿದರು. ನಾನೂ ತಲೆಯಾಡಿಸಿದೆ.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅವನ ತಂದೆ ನನ್ನ ಕೋಣೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹ್ಯಾಟು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಮೇಡಂ, ನನ್ನ ಮಗ ಲೆಕ್ಕದಲ್ಲಿ ಹಿಂದೆ ಬಿದ್ದಿದಾನಂತೆ. ಪಾಸಾಗೋವರೆಗೂ ಆಡಿಸಬಾರದು ಅಂತ ನೀವು ಹೇಳಿದೀರಂತೆ."

ಆ ಹುಡುಗ ಕ್ಯಾಲ್ಕ್ಯುಲಸ್‌ನಲ್ಲಿ ನನ್ನ ಪಟ್ಟಿಯಲ್ಲೇ ಎಲ್ಲರಿಗಿಂತ ಮೇಲಿದ್ದ. ಹೌದು ಎಂದುಬಿಡಬಹುದಿತ್ತು. ಆದರೆ ಮಾಡದ ಕೆಲಸವನ್ನು ಹೊತ್ತುಕೊಳ್ಳುವ ಮನಸ್ಸಾಗಲಿಲ್ಲ.

"ಲೆಕ್ಕದಲ್ಲಿ ಅವನಿಗೆ ಏನೂ ತೊಂದರೆ ಇಲ್ಲ" ಎಂದೆ.

"ಹಾಗಾದ್ರೆ ಆಟದಲ್ಲಿ ತೊಂದರೆನಾ?"

"ಅದರಲ್ಲೂ ಇಲ್ಲ. ಚೆನ್ನಾಗಿ ಆಡ್ತಾನೆ ಅಂತಲೇ ಕೂರಿಸಿದಾರೆ." ನನಗೆ ತಿಳಿದಷ್ಟನ್ನು ವಿವರಿಸಿದೆ. ಐದು ವರ್ಷ, ಸ್ಕಾಲರ್‌ಶಿಪ್, ಎಂಜಿನಿಯರಿಂಗ್.

ಅವರು ಹ್ಯಾಟನ್ನು ಒಂದು ಸುತ್ತು ತಿರುಗಿಸಿದರು. "ಫೌಂಡ್ರಿಗೆ ಸೇರಿ ಇಪ್ಪತ್ತು ವರ್ಷದ ಮೇಲಾಯ್ತು ಮೇಡಂ. ಚೆನ್ನಾಗಿ ಕೆಲಸ ಮಾಡೋನನ್ನ ಕೂರಿಸಿದ್ದು ನಾನಂತೂ ನೋಡಿಲ್ಲ" ಎಂದು ಹೇಳಿ, ವಂದನೆ ಹೇಳಿ ಹೊರಟುಹೋದರು.

ಮರುದಿನ ಹುಡುಗ ಬಂದು ಪುಸ್ತಕ ತೆರೆಯದೆ ಕೂತ.

"ನೀವು ಸುಮ್ಮನಿರಬಹುದಿತ್ತು ಮೇಡಂ."

"ನನ್ನ ಹೆಸರಲ್ಲಿ ಸುಳ್ಳು ಹೇಳಿದವನು ನೀನು."

"ಲೆಕ್ಕ ಕಷ್ಟ ಅಂದ್ರೆ ಅಪ್ಪನಿಗೆ ಅರ್ಥ ಆಗುತ್ತೆ. ಆಡೋಕೆ ಬರುತ್ತೆ, ಆದ್ರೂ ಆಡಿಸಲ್ಲ ಅಂದ್ರೆ ಅರ್ಥ ಆಗಲ್ಲ. ಪ್ರತಿ ಶನಿವಾರ ಚಿಕ್ಕಪ್ಪಂದಿರನ್ನ ಕರ್ಕೊಂಡು ಬರ್ತಾರೆ. ನಾನು ಕೋಟು ಹಾಕ್ಕೊಂಡು ಗೆರೆ ಪಕ್ಕ ನಿಂತಿರ್ತೀನಿ. ನಿಂತಿರೋದನ್ನ ನೋಡಿ ಮನೆಗೆ ಹೋಗ್ತಾರೆ."

ನಾನು ಮಾರ್ಕ್ಸ್ ಪಟ್ಟಿ ತೆಗೆದು ತುಂಬತೊಡಗಿದೆ. ಅರ್ಧ ಗಂಟೆಯಾದ ಮೇಲೆ ಪುಸ್ತಕ ತೆರೆದ.

ಇನ್ನು ಎರಡು ಪಂದ್ಯ ಉಳಿದಿದ್ದಾಗ ಕೊನೆಯ ವರ್ಷದ ಆಟಗಾರನ ಕಣಕಾಲು ಮುರಿಯಿತು. ಮಂಗಳವಾರದ ಸಭೆಯಲ್ಲಿ ಕೋಚ್ ಕಾಫಿಯನ್ನೂ ಮುಟ್ಟಲಿಲ್ಲ. ಹುಡುಗನನ್ನು ಇಳಿಸಲೇಬೇಕು ಎಂದು ಸಹಾಯಕ ಕೋಚ್ ಹೇಳಿದರು. ಎರಡು ಪಂದ್ಯಕ್ಕಾಗಿ ಇಡೀ ವರ್ಷ ಕಳೆಯುವುದು ಬೇಡ, ಅವನ ಮೈ ಇನ್ನೂ ಎಳೆಯದು ಎಂದು ಟ್ರೇನರ್ ಹೇಳಿದರು. ಕೋಚ್ ನನ್ನ ಕಡೆ ತಿರುಗಿದರು.

"ಮೇಡಂ, ನಿಮ್ಮ ಪಟ್ಟಿ ಏನು ಹೇಳುತ್ತೆ?"

"ಕೂರಬೇಕು ಅನ್ನುತ್ತೆ. ಆಟದ ಜೊತೆ ಎಂಜಿನಿಯರಿಂಗ್ ನಾಲ್ಕು ವರ್ಷದಲ್ಲಿ ಮುಗಿಯೋದು ಕಷ್ಟ." ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದರೆ ಅವನನ್ನ ಯಾರಾದರೂ ಕೇಳಿದೀರಾ?"

ಸಹಾಯಕ ಕೋಚ್ ನಕ್ಕರು. ಕೋಚ್ ನಗಲಿಲ್ಲ. "ಹದಿನೆಂಟು ವರ್ಷದವನನ್ನ ಕೇಳಿದ್ರೆ ಏನು ಹೇಳ್ತಾನೆ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು."

"ಗೊತ್ತಿದ್ದರೂ ಕೇಳಬೇಕು" ಎಂದೆ.

ಸಂಜೆ ಊಟಕ್ಕೆ ಕೂತಾಗ ಇದನ್ನು ಗಂಡನಿಗೆ ಹೇಳಿದೆ.

"ನೀ ಯಾಕ ತಲಿ ಕೆಡಿಸ್ಕೋತಿ? ಅವರ ಟೀಮು, ಅವರ ಹುಡುಗ. ಇಷ್ಟಕ್ಕೂ ಕೂಡಸೂದು ಅವನ ಒಳ್ಳೇದಕ್ಕ."

"ಒಳ್ಳೇದಕ್ಕೇ ಇರಬಹುದು. ಅವನನ್ನ ಒಂದು ಮಾತು ಕೇಳಬೇಕಲ್ವಾ?"

ಅವರು ತಟ್ಟೆಯಿಂದ ತಲೆ ಎತ್ತಿದರು. "ನಾ ನಿನ್ನ ಕೇಳಿದ್ನಲ್ಲಾ, ಪಿಎಚ್‌ಡಿ ವಿಷಯ."

"ಹೇಳಿದ್ರಿ. ಕೇಳಲಿಲ್ಲ."

ಇಬ್ಬರೂ ಮಜ್ಜಿಗೆ ಅನ್ನ ಮುಗಿಸಿದೆವು. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಕೋಚ್ ಹುಡುಗನನ್ನು ಕರೆಸಿ ಎರಡೂ ಕಡೆಯ ಮಾತನ್ನು ಅವನ ಮುಂದಿಟ್ಟರು. ಮರುದಿನ ಬೆಳಗಿನವರೆಗೆ ಸಮಯ ಕೊಟ್ಟರು. ಬೆಳಗ್ಗೆ ಅವನು ಬಂದಾಗ ನಾನೂ ಅಲ್ಲಿದ್ದೆ.

"ಆಡ್ತೀನಿ" ಎಂದ.

"ಅಪ್ಪ ಹೇಳಿದ್ರಾ?" ಕೋಚ್ ಕೇಳಿದರು.

"ಇಲ್ಲ ಸರ್. ಅಪ್ಪ ಬೇಡ, ಕೂತ್ಕೋ ಅಂದ್ರು. ಐದನೇ ವರ್ಷ ಪುಕ್ಕಟೆ ಓದು ಯಾರು ಕೊಡ್ತಾರೆ ಅಂದ್ರು. ಇದು ನಾನು ಹೇಳ್ತಿರೋದು."

ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಹಿಮ ತೆಳ್ಳಗೆ ಬೀಳುತ್ತಿತ್ತು. ಅವನ ಕೈಯಿಂದ ಎರಡು ಸಲ ಚೆಂಡು ಜಾರಿತು, ತಂಡ ಸೋತಿತು. ಕೊನೆಯ ಪಂದ್ಯ ಶಿಕಾಗೋ ಹತ್ತಿರದ ಕಾಲೇಜೊಂದರಲ್ಲಿ. ನನ್ನ ಗಂಡನ ಧಾರವಾಡದ ಗೆಳೆಯರೊಬ್ಬರು ಅಲ್ಲೇ ಹತ್ತಿರದ ನೇಪರ್‌ವಿಲ್‌ನಲ್ಲಿ ಇದ್ದುದರಿಂದ ನಾವೂ ಡ್ರೈವ್ ಮಾಡಿಕೊಂಡು ಹೋದೆವು. ಅರಬ್ ದೇಶಗಳು ತೈಲ ನಿಲ್ಲಿಸಿದ ಸುದ್ದಿ ಆಗ ದಿನವೂ ಪೇಪರಿನಲ್ಲಿ ಬರುತ್ತಿತ್ತು, ಕಾರಿಗೆ ಪೆಟ್ರೋಲು ಸಿಗುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ನಮಗೆ ಯೋಚನೆ. ಮೈದಾನದಲ್ಲಿ ನಮಗಿಂತ ನಾಲ್ಕು ಸಾಲು ಕೆಳಗೆ ಹುಡುಗನ ತಂದೆ ಮತ್ತು ಇಬ್ಬರು ಚಿಕ್ಕಪ್ಪಂದಿರು ಕಂಬಳಿ ಹೊದ್ದು ಕೂತಿದ್ದರು.

ಅವತ್ತು ಅವನು ಚೆನ್ನಾಗಿ ಓಡಿದ. ಒಂದು ಸಲ ಗೋಲಿನ ಗೆರೆ ಮುಟ್ಟುವುದಕ್ಕೆ ಎರಡು ಹೆಜ್ಜೆ ಇದ್ದಾಗ ಕೆಡವಿದರು. ಚಿಕ್ಕಪ್ಪಂದಿರು ಎದ್ದು ಕೂಗಿದರು. ತಂದೆ ಏಳಲಿಲ್ಲ, ಎರಡೂ ಕೈಯನ್ನು ಬಾಯಿಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ನನ್ನ ಗಂಡ ಅಷ್ಟು ಹೊತ್ತೂ ನಿಯಮ ಕೇಳುತ್ತ ಕೂತಿದ್ದವರು ಇದ್ದಕ್ಕಿದ್ದಂತೆ "ಹಿಡೀಬ್ಯಾಡ್ರಿ ಅವನ್ನ!" ಎಂದು ಕನ್ನಡದಲ್ಲೇ ಕೂಗಿದರು. ಪಕ್ಕದವರು ತಿರುಗಿ ನೋಡಿದರು. ತಂಡ ಗೆದ್ದಿತು.

ಆ ಚಳಿಗಾಲ ಕಾರು ಕೊಳ್ಳುವವರು ಕಡಿಮೆಯಾಗಿ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸತೊಡಗಿದವು. ನನ್ನ ಗಂಡನ ಕೆಲಸ ಉಳಿಯಿತು. ಹುಡುಗನ ತಂದೆಯದು ಹೋಯಿತು. ವಸಂತದ ಹೊತ್ತಿಗೆ ಅವರು ಅಣ್ಣನ ಮನೆಯ ಪಕ್ಕ ಇರಲು ಅಲಬಾಮಾಕ್ಕೆ ಹಿಂತಿರುಗಿದರು. ಮಗನ ಬೇರೆ ಯಾವ ಪಂದ್ಯವನ್ನೂ ಅವರು ನೋಡಲಿಲ್ಲ. ಇದು ಆಗ ಅವರಿಗಾಗಲಿ, ಮಗನಿಗಾಗಲಿ, ಸಭೆಯಲ್ಲಿದ್ದ ನಮಗಾಗಲಿ ಗೊತ್ತಿರಲು ಸಾಧ್ಯವಿರಲಿಲ್ಲ. ಆದ್ದರಿಂದ ಆಡಿದ್ದು ಸರಿಯಾಯಿತು ಎನ್ನಲು ಇದನ್ನು ಕಾರಣವಾಗಿ ಕೊಡುವುದು ನನಗೆ ಒಪ್ಪಿಗೆಯಲ್ಲ.

ಹುಡುಗ ದೊಡ್ಡ ಆಟಗಾರನಾಗಲಿಲ್ಲ. ಮೂರನೇ ವರ್ಷ ಅವನಿಗಿಂತ ಗಟ್ಟಿಮುಟ್ಟಾದ ಒಬ್ಬ ಫ್ರೆಶ್‌ಮನ್ ಬಂದು ಅವನ ಜಾಗ ಹಿಡಿದ. ನಾಲ್ಕು ವರ್ಷ ತುಂಬಿದಾಗ ಸ್ಕಾಲರ್‌ಶಿಪ್ ಮುಗಿಯಿತು, ಡಿಗ್ರಿಗೆ ಇನ್ನೂ ಎಂಟು ಕೋರ್ಸು ಬಾಕಿ. ನನ್ನ ಪಟ್ಟಿ ಹೇಳಿದ್ದೇ ಆಯಿತು. ಅವನು ಪ್ಲಿಮತ್‌ನ ಒಂದು ಆಫೀಸಿನಲ್ಲಿ ಡ್ರಾಯಿಂಗ್ ಹಾಕುವ ಕೆಲಸ ಹಿಡಿದು, ನಮ್ಮ ಕಾಲೇಜಿನ ಸಂಜೆ ತರಗತಿಗಳಲ್ಲಿ ಆ ಕೋರ್ಸುಗಳನ್ನು ಮುಗಿಸಿದ. ಎರಡು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಆ ಕಾಲದಲ್ಲಿ ಅದೇ ಕಟ್ಟಡದಲ್ಲಿ ನಾನೂ ಸಂಜೆ ಸಂಖ್ಯಾಶಾಸ್ತ್ರದ ಕೋರ್ಸು ತೆಗೆದುಕೊಳ್ಳುತ್ತಿದ್ದೆ. ಪಿಎಚ್‌ಡಿ ಅಲ್ಲ, ಇನ್ನೊಂದು ಮಾಸ್ಟರ್ಸ್. ಕಾಫಿ ಮೆಷಿನ್ ಹತ್ತಿರ ಆಗಾಗ ಸಿಗುತ್ತಿದ್ದ.

ಒಮ್ಮೆ ಕೇಳಿದೆ. "ಅವತ್ತು ಕೂತಿದ್ದರೆ ಇಷ್ಟು ಹೊತ್ತಿಗೆ ಮುಗಿದಿರ್ತಿತ್ತು. ಬೇಜಾರಿದೆಯಾ?"

"ಇದೆ ಮೇಡಂ" ಎಂದ. "ದಿನಾ ಕೆಲಸ ಮುಗಿಸಿ ಇಲ್ಲಿಗೆ ಬರ್ತೀನಲ್ಲ, ಪಾರ್ಕಿಂಗ್ ಹುಡುಕುವಾಗ ದಿನಾ ಬೇಜಾರಾಗುತ್ತೆ." ಲೋಟ ಎತ್ತಿಕೊಂಡ. "ಆದ್ರೆ ಬೈಯೋಕೆ ಬೇರೆ ಯಾರೂ ಇಲ್ಲ. ಅದೊಂದು ಒಳ್ಳೇದು."

ಕೋಚ್ ಮಾತ್ರ ಮುಂದಿನ ಆಗಸ್ಟಿನಿಂದ ಒಬ್ಬೊಬ್ಬ ಫ್ರೆಶ್‌ಮನ್‌ನನ್ನೂ ಕರೆದು ಕೂರಿಸಿ ಕೇಳಲು ಶುರುಮಾಡಿದರು. ಎಲ್ಲರೂ ಆಡುತ್ತೇನೆ ಎಂದೇ ಹೇಳುತ್ತಿದ್ದರು. ಕೋಚ್ ಪೂರ್ತಿ ಕೇಳಿಸಿಕೊಂಡು, ಹೆಚ್ಚಿನವರನ್ನು ಮೊದಲಿನ ಹಾಗೆ ಕೂರಿಸುತ್ತಿದ್ದರು. ಒಂದು ವರ್ಷ ಇಬ್ಬರು ಹುಡುಗರು ಸಿಟ್ಟಾಗಿ ಬೇರೆ ಕಾಲೇಜಿಗೆ ಹೋದರು. ಆ ಮಂಗಳವಾರ ಕೋಚ್ ನನ್ನ ಕಡೆ ನೋಡಿ, "ಕೇಳದೇ ಇದ್ದಿದ್ರೆ ಉಳೀತಿದ್ರೇನೋ ಮೇಡಂ" ಎಂದರು. ಇರಬಹುದು ಎಂದೆ. ಅವರು ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋದರು.