ಕಡೆಯ ಅಂಕ ಮೊದಲೇ ಹೇಳುವವರು

ಎಡಗೆನ್ನೆಯ ಎಲೆಅಡಿಕೆ ಬಲಗೆನ್ನೆಗೆ ಸರಿಯಿತೆಂದರೆ ನಾಟಕದಲ್ಲಿ ಯಾರೋ ಒಬ್ಬರು ಸತ್ತರೆಂದೇ ಲೆಕ್ಕ. ನಮ್ಮ ಪಕ್ಕದ ಮನೆಯ ಗಿರದಾವರ ಸಾಹೇಬರು ಬಾಯಿ ತೆರವು ಮಾಡಿಕೊಳ್ಳುತ್ತಿದ್ದುದೇ ಅದಕ್ಕೆ. ಹೊಲಗಳ ಬೆಳೆ ನೋಡಿ ಬರೆದುಕೊಳ್ಳುವುದು ನಿಜಾಮ ಸರಕಾರ ಅವರಿಗೆ ಕೊಟ್ಟ ಕೆಲಸ. ಕಂಡವರ ನಾಟಕ ಕೆಡಿಸುವುದು ಅವರೇ ಹಚ್ಚಿಕೊಂಡ ಕೆಲಸ. ಎರಡನೆಯದರಲ್ಲಿದ್ದ ಶ್ರದ್ಧೆ ಮೊದಲನೆಯದರಲ್ಲಿ ನಾನು ಕಾಣಲಿಲ್ಲ.

ನಾಟಕ ಕಂಪನಿಗಳು ಮೊದಲು ರೈಲಿದ್ದ ಕೊಪ್ಪಳದಲ್ಲಿ ಕ್ಯಾಂಪು ಮಾಡಿ, ಆಮೇಲೆ ಪರದೆ ಪೆಟ್ಟಿಗೆಗಳನ್ನು ಬಂಡಿಗೆ ಹೇರಿಕೊಂಡು ನಮ್ಮ ಕುಷ್ಟಗಿಗೆ ಬರುತ್ತಿದ್ದವು. ಸಾಹೇಬರ ಮಾವನ ಮನೆ ಕೊಪ್ಪಳ. ಹೀಗಾಗಿ ಪ್ರತಿ ನಾಟಕವೂ ನಮಗಿಂತ ಮೊದಲು ಅವರ ಹೊಟ್ಟೆಗೆ ಹೋಗಿರುತ್ತಿತ್ತು, ಅಲ್ಲಿ ನಿಲ್ಲುತ್ತಿರಲಿಲ್ಲ. ಚಹದ ಅಂಗಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ, "ಕೊನಿಗೆ ಏನಾಗ್ತೈತಿ ಹೇಳ್ಲೇನ್ರಿ?" ಎನ್ನುವರು. ಬೇಡವೆನ್ನುವಷ್ಟರಲ್ಲಿ ಹೇಳಿ ಮುಗಿಸಿರುವರು. ಯಾರಾದರೂ ಮುಖ ಸಿಂಡರಿಸಿದರೆ, "ನಿಮ್ಮ ನಿದ್ದಿ ಉಳಿಸೀನಿ, ಉಪಕಾರ ನೆನೀರಿ" ಎಂಬ ಉತ್ತರ ಬೇರೆ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ.

ನನ್ನ ಅತ್ತಿ, ಅಂದರೆ ಅಪ್ಪನ ತಂಗಿ, ನಮ್ಮ ಮನೆಯಲ್ಲೇ ಇದ್ದಳು. ಸೊಲ್ಲಾಪುರದ ಗಿರಣಿಗೆಂದು ಹೋದ ಗಂಡನ ಪತ್ತೆ ಇರಲಿಲ್ಲ. ಆ ವರ್ಷ ಬಂದ ಕಂಪನಿ ಹೆಸರಾಗಿದ್ದುದು ದಂಡಿಗೆ ಹೋದ ಗಂಡನಿಗಾಗಿ ಕಾಯುವ ಹೆಂಡತಿಯ ನಾಟಕಕ್ಕೆ. ಅತ್ತಿ ಯಾವತ್ತೂ ಏನನ್ನೂ ಬೇಡಿದವಳಲ್ಲ. ಅದೊಂದನ್ನು ನೋಡಬೇಕೆಂದು ಅಜ್ಜನ ಬೆನ್ನು ಹತ್ತಿದಳು. ಕಡೆಗೆ ಕ್ಯಾಂಪಿನ ಕೊನೆಯ ಆಟಕ್ಕೆ ಅಜ್ಜ ಹೂಂ ಅಂದ. ಅತ್ತಿ ಇಳಕಲ್ ಸೀರೆ ಉಟ್ಟು ನನ್ನ ಜಡೆ ಹೆಣೆಯುತ್ತ ಕೂತಿದ್ದಳು. ಹೊರಗೆ ಅಜ್ಜನ ಪಕ್ಕ ಕೂತಿದ್ದ ಸಾಹೇಬರ ಎಲೆಅಡಿಕೆ ಬಲಕ್ಕೆ ಸರಿಯಿತು.

"ಯಾಕ ಹೊಂಟೀರಿ? ಆ ಗಂಡ ಎಲ್ಲಿ ಬರ್ತಾನ್ರಿ, ಅವನ ಹೆಣ ಬರ್ತೈತಿ."

ಅತ್ತಿಯ ಕೈ ಜಡೆಯಲ್ಲೇ ನಿಂತಿತು. "ನೀ ಅಜ್ಜನ ಕೂಡ ಹೋಗಿ ಬಾ" ಅಂದಳು. ಸೀರೆ ಬದಲಿಸಲು ಒಳಗೆ ಹೋದಳು.

ಸಾಹೇಬರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಊರು ಬಿಡುವ ಆಟದಲ್ಲಿ ರಂಗದ ಮೇಲೆ ಹೆಣ ಬೀಳಿಸಿದರೆ ಕಂಪನಿಗೂ ಊರಿಗೂ ಅಪಶಕುನವೆಂದು ಆ ಕಂಪನಿಯವರು ನಂಬಿದ್ದರು. ಹಾಗಾಗಿ ಅಂದು ಚಟ್ಟ ಬರಲಿಲ್ಲ. ಗಂಡ ತನ್ನ ಕಾಲ ಮೇಲೆ ನಡೆದು ಬಂದ, ಹೆಂಡತಿ ಆರತಿ ಎತ್ತಿದಳು. ಬೆಳಿಗ್ಗೆ ನಾನು ಹೇಳಿದಾಗ ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಡಕೋತ ಬಂದನೇನು?" ಎಂದು ಮತ್ತೆ ಮತ್ತೆ ಕೇಳಿದಳು. ಆ ಹೊತ್ತಿಗೆ ಕಂಪನಿಯ ಬಂಡಿಗಳು ಊರು ದಾಟಿದ್ದವು. ಆ ಕಂಪನಿ ತಿರುಗಿ ಬರಲಿಲ್ಲ, ಅತ್ತಿಯ ಗಂಡನೂ ಬರಲಿಲ್ಲ.

ಸಾಹೇಬರ ಎದುರಿಗೇ ಹೋಗಿ, "ಗಂಡ ಸತ್ತಿಲ್ಲರಿ" ಅಂದೆ. ಅವರಿಗೇನೂ ಅನ್ನಿಸಲಿಲ್ಲ.

"ಅದು ಖರೇ ಆಟ ಅಲ್ಲವ್ವಾ. ಖರೇದು ನಾ ಹೇಳಿದ್ದ."

ಉಗುಳಿದರೆ ಉಗುಳು ದಂಡ ಅನ್ನಿಸಿತು.

ಕೆಲವು ವರ್ಷಗಳ ಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ಇನ್ನು ವಾರ ಉಳಿಯುವುದು ಕಷ್ಟವೆಂದು ಹಕೀಮ ಅವರ ಹೆಂಡತಿಗೆ ಗುಟ್ಟಾಗಿ ಹೇಳಿದ. ಆಕೆ ಬಂದು ಅತ್ತಿಯ ಹೆಗಲ ಮೇಲೆ ಅತ್ತಳು. ಸಂಜೆ ಅತ್ತಿಯೂ ನಾನೂ ಗಂಜಿ ಒಯ್ದೆವು. ಎಲೆಅಡಿಕೆಯಿಲ್ಲದೆ ಸಾಹೇಬರ ಎರಡೂ ಗಲ್ಲ ಒಳಗೆ ಹೋಗಿದ್ದವು. ಅತ್ತಿಯ ಕಡೆ ಹೊರಳಿ ಕೇಳಿದರು.

"ಹಕೀಮ ಏನಂದ, ತಂಗೆವ್ವಾ? ನಿನಗ ಗೊತ್ತೈತಿ."

ಉತ್ತರ ನನ್ನ ನಾಲಗೆಯ ತುದಿಗೇ ಬಂದಿತ್ತು. ಅತ್ತಿ ನನ್ನ ಕೈ ಹಿಸುಕಿದಳು.

"ಕೊನೀದು ಯಾರಿಗೆ ಗೊತ್ತಿರತೈತ್ರಿ, ಅಣ್ಣಾರ? ನಡಕೋತ ಬಂದವರೂ ಅದಾರ. ಗಂಜಿ ಕುಡೀರಿ."

ಬಟ್ಟಲು ಪೂರ್ತಿ ಕುಡಿದರು. ಆ ವಾರದಲ್ಲೇ ತೀರಿಕೊಂಡರು, ಎದ್ದು ಓಡಾಡುತ್ತೇನೆಂಬ ನಂಬಿಕೆಯಲ್ಲಿ. ಜೀವಮಾನದಲ್ಲಿ ತಾವು ಯಾರಿಗೂ ತೋರಿಸದ ಮರ್ಯಾದೆಯನ್ನು ಅತ್ತಿಯ ಕೈಯಿಂದ ಪಡೆದು ಹೋದರು. ಅದಕ್ಕೆ ಅವರು ಲಾಯಕ್ಕಿರಲಿಲ್ಲವೆಂದೇ ನಾನು ಇವತ್ತಿಗೂ ಅನ್ನುತ್ತೇನೆ.