ಜಾಮೀನಿಗೆ ಎರಡನೇ ಸಹಿ

ಆ ವರ್ಷದ ಮೇ ತಿಂಗಳಲ್ಲಿ ಸಂಜೆ ಯಜಮಾನರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅವರು ವಡೋದರದ ಒಂದು ಬಣ್ಣದ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಕಂಪನಿ ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ತೆರೆದಿತ್ತು. ಇಲ್ಲಿಂದ ಯಾರನ್ನು ಅಲ್ಲಿಗೆ ಎತ್ತಿ ಹಾಕುತ್ತಾರೆ ಎಂಬ ಪಟ್ಟಿ ಇಂದೋ ನಾಳೆಯೋ ಬರುವುದಿತ್ತು. ಬಾಗಿಲು ತೆಗೆಯುತ್ತಲೇ ನಾನು "ಬಂತೇನ್ರಿ?" ಎನ್ನುತ್ತಿದ್ದೆ. "ಮೊದಲ ನೀರರೆ ಕೊಡು ತಾಯಿ" ಎನ್ನುತ್ತಿದ್ದರು ಅವರು.

ವರ್ಗಕ್ಕೆ ಅಂಜುವವಳಲ್ಲ ನಾನು. ಧಾರವಾಡ ಬಿಟ್ಟು ಬಂದು ಅಹಮದಾಬಾದಿನಲ್ಲಿ ನಾಲ್ಕು ವರ್ಷ ಕಳೆದು, ಅಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ವಡೋದರಕ್ಕೆ ಬಂದವಳು. ನನ್ನ ಹೆದರಿಕೆಯೆಲ್ಲ ಮನೆಯದು. ತೊಂಬತ್ತನಾಲ್ಕರಲ್ಲಿ ಸಾಲ ಮಾಡಿ ಎರಡು ಕೋಣೆಯ ಮನೆ ಕೊಂಡಿದ್ದೆವು. ಬಡ್ಡಿ ನೂರಕ್ಕೆ ಹದಿನಾರೂವರೆ, ಐದು ವರ್ಷ ಅದು ಕದಲುವುದಿಲ್ಲ. ಆಮೇಲೆ? ಆಮೇಲೆ ಸಾಲ ಕೊಟ್ಟವರು ಹೇಳಿದ್ದೇ ದರ. ಈ ಮಾತು ಕರಾರಿನ ಏಳನೆಯ ಪುಟದಲ್ಲಿತ್ತು. ದಿನವಿಡೀ ಊರವರ ಲೆಕ್ಕ ನೋಡುವ ಮನುಷ್ಯ ಸ್ವಂತ ಮನೆಯ ಕರಾರನ್ನು ಏಳನೆಯ ಪುಟದವರೆಗೆ ಓದಿರಲಿಲ್ಲ! ನಾನೂ ಓದಿರಲಿಲ್ಲ ಅನ್ನಿ. ಓದಿದ್ದು ಆ ಏಪ್ರಿಲಿನಲ್ಲಿ, ಕಪಾಟು ಒರೆಸುವಾಗ.

ಜೂನ್ ಕೊನೆಗೆ ಐದು ವರ್ಷ ಮುಗಿಯುತ್ತಿತ್ತು. ಸಾಲದ ಕಚೇರಿಗೆ ಹೋಗಿ ಕೇಳಿದರೆ, ಮುಂದಿನ ದರ ಹದಿನೆಂಟಾದರೂ ಆಗಬಹುದು, ಹೇಳಲಿಕ್ಕಾಗದು ಎಂದರು. ಅಷ್ಟರಲ್ಲಿ ಊರಿಗೆ ಹೊಸದಾಗಿ ಬಂದಿದ್ದ ಇನ್ನೊಂದು ಸಾಲದ ಕಂಪನಿಯವರು ಹದಿಮೂರೂವರೆಗೆ ಕೊಡುತ್ತಿದ್ದಾರೆಂದು ಗೊತ್ತಾಯಿತು. ಸಾಲ ತೀರುವವರೆಗೂ ಅದೇ ದರ. ಹಳೆಯ ಸಾಲವನ್ನು ಅವರೇ ತೀರಿಸಿ ಪತ್ರಗಳನ್ನು ಬಿಡಿಸಿಕೊಳ್ಳುತ್ತಾರೆ. ಆದರೆ ಸಾಲ ಊರಲ್ಲೇ ನೌಕರಿ ಇರುವವರಿಗೆ ಮಾತ್ರ. ವರ್ಗದ ಆರ್ಡರ್ ಕೈಗೆ ಬಂದರೆ ಅರ್ಜಿ ಅಲ್ಲಿಗೇ ಮುಗಿಯಿತು. "ಅದಕ್ಕೆ ಜಲ್ದಿ ಮಾಡಿ ಬೆಹನ್‌ಜಿ" ಎಂದು ಅಲ್ಲಿಯ ಗುಮಾಸ್ತ ಹಿಂದಿಯಲ್ಲಿ ಹೇಳಿದ. "ಊರಲ್ಲೇ ಸ್ವಂತ ದಂಧೆ ಇರುವ ಒಬ್ಬ ಜಾಮೀನುದಾರನನ್ನೂ ಕರೆತನ್ನಿ."

ಸ್ವಂತ ದಂಧೆ ಇರುವವರು ನಮಗೆ ಗೊತ್ತಿದ್ದದ್ದು ಒಬ್ಬರೇ. ಅಲ್ಲಿದ್ದ ಕನ್ನಡದವರೆಲ್ಲ ಬ್ಯಾಂಕು, ರೈಲ್ವೆ, ಇನ್ಶೂರೆನ್ಸಿನವರು. ಮೂರು ವರ್ಷಕ್ಕೊಮ್ಮೆ ಹಾರಿ ಹೋಗುವ ಹಕ್ಕಿಗಳು. ನೆಲೆ ನಿಂತವರೆಂದರೆ ಹೋಟೆಲಿನವರು. ಅಲ್ಕಾಪುರಿ ಬಡಾವಣೆಯಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿತ್ತು. ನಾವು ಅಣ್ಣ ಎನ್ನುತ್ತಿದ್ದ ಅವರೇ ನಮ್ಮ ಮೊದಲ ಸಾಲಕ್ಕೂ ಜಾಮೀನು ನಿಂತಿದ್ದರು. ಆಗ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದಷ್ಟು ಸಲೀಸಾಗಿ ಕೇಳಿದ್ದೆವು. ಗಲ್ಲಾದ ಮೇಲೆ ಕೂತಿದ್ದವರು ಎರಡು ಬಿಲ್ಲಿನ ನಡುವೆ "ಎಲ್ಲಿ ಹಾಕ್ಬೇಕು ಹೇಳಿ" ಎಂದು ಸಹಿ ಗೀಚಿ ಕೊಟ್ಟಿದ್ದರು. ಎಷ್ಟು ದಿನದ್ದು ಎಂದು ಕೇಳಿದ್ದಕ್ಕೆ ನಾನೇ "ಐದು ವರ್ಷದ್ದು ಅಣ್ಣಾ" ಎಂದಿದ್ದೆ.

"ನೀನ ಹೋಗು, ನಿನಗ ಮಾತು ಬರ್ತಾವ" ಎಂದು ಯಜಮಾನರು ನನ್ನನ್ನೇ ಅಟ್ಟಿದರು. ಒಳ್ಳೆಯವರಾಗಿ ಉಳಿಯಲು ಅವರು ಕಂಡುಕೊಂಡ ಉಪಾಯ ಅದು. ಬಿಸಿಲಲ್ಲಿ ಆಟೋ ಹಿಡಿದು, ಗಿರಾಕಿ ಕಡಿಮೆ ಇರುವ ಮೂರು ಗಂಟೆಗೆ ಹೋದೆ. ಅವರು ಇಲ್ಲ ಅಂದರೆ ಇನ್ನಾರ ಮನೆಗೆ ಹೋಗಲಿ ಎಂದು ದಾರಿಯುದ್ದಕ್ಕೂ ನೆನೆಸಿಕೊಂಡೆ. ಒಬ್ಬರೂ ಹೊಳೆಯಲಿಲ್ಲ.

"ಬನ್ನಿ ಅಕ್ಕಾ, ಬನ್ನಿ! ಅಪರೂಪ ಆಗಿಬಿಟ್ರಿ" ಎಂದು ಅಣ್ಣ ಎದ್ದು ನಿಂತರು. ಅವರ ಹೆಂಡತಿ, ನಾನು ವೈನಿ ಎನ್ನುತ್ತಿದ್ದವರು, ಪಕ್ಕದ ಮೇಜಿನಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದರು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಅವರ ಸಂಸಾರ. ಕೆಳಗಿನ ಒಲೆಯ ಕಾವು ಅಲ್ಲಿಗೇ ಏರುತ್ತಿತ್ತು.

"ಅಣ್ಣಾ, ಆ ಹಳೇ ಸಾಲ ಮುಗಿಸಾಕತ್ತೀವ್ರಿ" ಎಂದು ನಾನು ಶುರು ಮಾಡಿದೆ.

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಹೆಂಡತಿಯ ಕಡೆ ತಿರುಗಿ, "ಕೇಳಿತಾ? ಮುಗಿಯಿತಂತೆ! ನಾನು ಹೇಳ್ಳಿಲ್ವಾ, ಜೂನಿಗೆ ಮುಗೀತದೆ ಅಂತ?" ಎಂದರು. ವೈನಿ ಬೀನ್ಸ್ ಕೆಳಗಿಟ್ಟು ನಕ್ಕರು. ನಮ್ಮ ಸಾಲ ಮುಗಿದರೆ ಇವರಿಗೇಕೆ ಇಷ್ಟು ಹಿಗ್ಗು ಎಂದುಕೊಳ್ಳುತ್ತಲೇ ನಾನು ಚೀಲದಿಂದ ಹೊಸ ಫಾರಂ ತೆಗೆದು ಗಲ್ಲಾದ ಮೇಲಿಟ್ಟೆ. ಬೇರೆ ಕಂಪನಿಗೆ ಹೋಗುತ್ತಿರುವುದು, ಬಡ್ಡಿ ಕಡಿಮೆ, ವರ್ಗದ ಪಟ್ಟಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಣ್ಣ ಫಾರಮಿನ ಹಾಳೆಗಳನ್ನು ತಿರುವಿ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಏನೂ ಕೇಳದೆ ಮೂರು ಕಡೆ ಸಹಿ ಹಾಕಿದರು. ಅಡುಗೆಮನೆಯಲ್ಲಿ ಏನೋ ಕೆಲಸವಿದೆ ಎಂದು ಒಳಗೆ ಹೋದರು.

"ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ" ಎಂದರು ವೈನಿ. ದನಿ ಏರಿಸಲಿಲ್ಲ. "ಇವರು ಸಾಯುವವರೆಗೂ ಹೇಳುದಿಲ್ಲ, ಅದಕ್ಕೇ ನಾನು ಹೇಳುದು. ಕಳೆದ ವರ್ಷ ನಾವೊಂದು ಫ್ಲ್ಯಾಟ್ ನೋಡಿ ಮುಂಗಡ ಸಹ ಕೊಟ್ಟಾಗಿತ್ತು. ಸಾಲಕ್ಕೆ ಹೋದ್ರೆ, ನೀವು ಇನ್ನೊಬ್ಬರ ಸಾಲಕ್ಕೆ ಜಾಮೀನು ಉಂಟು, ನಿಮಗೆ ಅಷ್ಟು ಕೊಡ್ಲಿಕ್ಕೆ ಆಗುದಿಲ್ಲ ಅಂದ್ರು. ಐದೇ ವರ್ಷ ಅಲ್ವಾ, ಜೂನಿಗೆ ಮುಗೀತದೆ ಅಂತ ಇವರು ಕಾಯ್ತಾ ಇದ್ರು."

ಅಯ್ಯೋ ದೇವರೇ! ಐದು ವರ್ಷ ಬಡ್ಡಿಯದು, ಜಾಮೀನು ಸಾಲ ತೀರುವವರೆಗೂ ಎಂದು ನನಗಾದರೂ ಯಾರು ಹೇಳಿದ್ದರು? ನಾನು ಯಾವ ಜೂನಿಗೆ ಹೆದರಿ ಸಾಯುತ್ತಿದ್ದೆನೋ ಅದೇ ಜೂನಿಗಾಗಿ ಇವರು ದಿನ ಎಣಿಸುತ್ತಿದ್ದರು. "ನನಗ ಗೊತ್ತಿರಲಿಲ್ಲರಿ ವೈನಿ" ಎಂದೆ. "ಗೊತ್ತುಂಟು, ನಿಮಗೆ ಗೊತ್ತಿರ್ಲಿಲ್ಲ" ಎಂದು ಅವರು ಮತ್ತೆ ಬೀನ್ಸ್ ಎತ್ತಿಕೊಂಡರು.

ಆಗಲೇ ಆ ಕಾಗದ ಹರಿದುಹಾಕಿದೆ ಎಂದು ಬರೆದರೆ ಓದುವವರಿಗೆ ಚಂದ. ನಾನು ಹರಿಯಲಿಲ್ಲ. ಮಡಚಿ ಚೀಲದೊಳಗೆ ಇಟ್ಟುಕೊಂಡೆ, ಆಟೋದಲ್ಲಿ ಮನೆವರೆಗೂ ಚೀಲವನ್ನು ಅವುಚಿ ಹಿಡಿದಿದ್ದೆ. ವೈನಿ ಹೇಳಿದ್ದನ್ನು ಯಜಮಾನರಿಗೆ ಹೇಳಲಿಲ್ಲ. ಹೇಳಿದರೆ ಅವರು ಫಾರಂ ಹಿಂದಕ್ಕೆ ಕೊಟ್ಟುಬಂದಾರು ಎಂಬ ಅಂಜಿಕೆ. ಮರುದಿನ ಹತ್ತು ಗಂಟೆಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿ ನಿಂತಿದ್ದೆ.

ಸಾಲ ಮಂಜೂರಾಯಿತು. ಹೊಸ ಕಂಪನಿ ಹಳೆಯವರಿಗೆ ಹಣ ಕಟ್ಟಿ ಪತ್ರ ಬಿಡಿಸಿಕೊಂಡಿತು. ಹತ್ತು ದಿನವಾಗಿರಬೇಕು, ಯಜಮಾನರು ಬಾಗಿಲಲ್ಲೇ "ಬಂತು" ಎಂದರು. ಸಚಿನ್. ಬಚಾವಾದೆವು ಎಂದು ನಾನು ದೇವರಿಗೆ ದೀಪ ಹಚ್ಚಿದೆ. ಸೂರತ್ತಿನಲ್ಲಿ ಬಾಡಿಗೆಗೆ ಮನೆ ಹಿಡಿದು, ಈ ಮನೆಯನ್ನು ಬಾಡಿಗೆಗೆ ಕೊಡುವುದು ಎಂದಾಯಿತು.

ಎರಡೇ ದಿನಕ್ಕೆ ಹೋಟೆಲಿನ ಅಣ್ಣ ಮನೆಗೆ ಬಂದರು. "ಯಾರಿಗೋ ಕೊಡುವ ಬದಲು ನಮಗೇ ಕೊಡಿ ಅಕ್ಕಾ. ಮಕ್ಕಳು ದೊಡ್ಡವರಾದ್ರು, ಆ ಸೆಕೆಯಲ್ಲಿ ಓದ್ಲಿಕ್ಕೆ ಆಗುದಿಲ್ಲ." ಯಜಮಾನರಿಗೆ ಖುಷಿಯೋ ಖುಷಿ. "ನಮ್ಮವರ ಸಿಕ್ಕರು ನೋಡು, ಮನಿ ಚಿಂತಿ ಹೋತು!" ಎಂದರು. ನಾನು ಚಹಾ ಮಾಡುವ ನೆಪದಿಂದ ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ನಮ್ಮ ಕಂತಿನ ಅರ್ಧ ಅವರ ಬಾಡಿಗೆಯಲ್ಲೇ ಬರುವಂತಿತ್ತು.

ಕೀಲಿ ಕೊಡುವ ದಿನ ವೈನಿ ಒಬ್ಬರೇ ಬಂದರು. ಎರಡೂ ಕೋಣೆ ಸುತ್ತಿ, ನಲ್ಲಿ ತಿರುಗಿಸಿ ನೋಡಿ, ನಡುಮನೆಯ ಗೋಡೆಯ ಮುಂದೆ ನಿಂತರು. ಕೈಯಲ್ಲಿ ದೇವರ ಫೋಟೋ ಇತ್ತು.

"ಇಲ್ಲೊಂದು ಮೊಳೆ ಹೊಡೀಬಹುದಾ? ಕೇಳದೆ ಹೊಡೆಯುದು ಬೇಡ ಅಂತ" ಎಂದರು.

ನಿಮ್ಮದ ಮನಿ ಅಂತ ತಿಳ್ಕೋರಿ, ಕೇಳೂದೇನದ ಎಂಬುದು ನಮ್ಮ ಕಡೆ ಯಾರು ಬಂದರೂ ಆಡುವ ಮಾತು. ಹೊಸಿಲು ದಾಟಿದವರಿಗೆಲ್ಲ ಸಾವಿರ ಸಲ ಆಡಿದ್ದೇನೆ. ಅದು ನಾಲಿಗೆಯವರೆಗೆ ಬಂತು, ಹೇಳಲಾಗಲಿಲ್ಲ.

"ಹೊಡೀರಿ ವೈನಿ" ಎಂದಷ್ಟೇ ಅಂದೆ.

ಅವರು ಗಾರೆ ಉದುರೀತೆಂದು ಒಂದು ಕೈಯನ್ನು ಗೋಡೆಗೆ ಆನಿಸಿ ಹಿಡಿದು, ಮೆಲ್ಲ ಮೆಲ್ಲಗೆ ಮೊಳೆ ಹೊಡೆದರು.