ಹೊಳೆಯ ನಡುವೆ ಬಾಗಿಲು ತೆರೆದ ಶಾಲೆ

ಹೋದ ವಾರ ಮಹಡಿಯ ಮೇಲೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ದಾರ ಬಿಸಿಲಿಗೆ ಪುಡಿಪುಡಿಯಾಗಿ ಉದುರಿತೆಂದು ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಿಂದ ತೆಂಗಿನ ನಾರಿನ ಹಗ್ಗ ತರಿಸಿದೆ. ಹೊಸ ಹಗ್ಗ ಬಿಳಿ ಬಟ್ಟೆಗೆ ಕಂದು ಬಣ್ಣ ಹತ್ತಿಸುತ್ತದೆ. ಆದ್ದರಿಂದ ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಬಚ್ಚಲ ಬಾಗಿಲು ತೆರೆದ ಸೊಸೆ ಮೂಗು ಮುಚ್ಚಿಕೊಂಡು ಓಡಿ ಬಂದಳು. “ಅತ್ತೆ, ಒಳಗೆ ಏನೋ ಸತ್ತಿದೆ ಅನ್ಸುತ್ತೆ.”

ನಾನು ಹೋಗಿ ನೋಡಿದೆ. ಏನೂ ಸತ್ತಿರಲಿಲ್ಲ. ಕೊಳೆತ ಎಲೆ, ಒದ್ದೆ ಗೋಣಿಚೀಲ, ಎಲ್ಲೋ ಸ್ವಲ್ಪ ಮೀನು… ನೀರಲ್ಲಿ ನೆನೆದ ನಾರಿನ ವಾಸನೆ ಅದು. ಕಾಫಿ ಆರಿ ತಣ್ಣಗಾಗುವವರೆಗೂ ಅಲ್ಲೇ ನಿಂತುಬಿಟ್ಟೆ. ನನಗೆ ನೆನಪಾದದ್ದು ನಮ್ಮ ಪಕ್ಕದ ಮನೆಯ ಟೀಚರಮ್ಮ.

ಐವತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಆಫೀಸಿನಲ್ಲಿದ್ದರು. ನಾನು ದಿನಾ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ ಇದ್ದ ಒಂದೂವರೆ ಕೋಣೆಯಲ್ಲಿ ಟೀಚರಮ್ಮ ಬಾಡಿಗೆಗಿದ್ದರು. ಒಬ್ಬರೇ ಇದ್ದರು. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಅದೇ ದೊಡ್ಡ ಸುದ್ದಿ. ತೆಳ್ಳಗಿನ ಮೈ, ಎಲ್ಲ ಕಾಲದಲ್ಲೂ ಕೈಯಲ್ಲೊಂದು ಕೊಡೆ, ಕುತ್ತಿಗೆಯ ಹತ್ತಿರ ಒರೆಸಲು ಮರೆತ ಪೌಡರಿನ ಒಂದು ಗೆರೆ, ಬಳೆಗೆ ಸಿಕ್ಕಿಸಿಕೊಂಡ ಪಿನ್ನುಗಳು. ಅವರ ಚೀಲದಲ್ಲಿ ಊಟದ ಡಬ್ಬಿಯ ಜೊತೆ ಶಾಲೆಯ ಕಂಚಿನ ಕೈಗಂಟೆಯೂ ಇರುತ್ತಿತ್ತು, ನಾಲಿಗೆ ಅಲ್ಲಾಡದಂತೆ ಬಟ್ಟೆ ಸುತ್ತಿ. ಶಾಲೆಯಲ್ಲಿ ಬಿಟ್ಟು ಬಂದ ಹಿಂದಿನ ಗಂಟೆ ಯಾರದೋ ಎಮ್ಮೆಯ ಕೊರಳಲ್ಲಿ ಸಿಕ್ಕಿತ್ತಂತೆ. “ಎಮ್ಮೆ ದಿನಾ ಸರಿಯಾದ ಹೊತ್ತಿಗೆ ಬರ್ತಿತ್ತು, ಹುಡುಗರು ಬರ್ತಿರ್ಲಿಲ್ಲ” ಎಂದು ಅಮ್ಮನಿಗೆ ಹೇಳಿ ನಗುತ್ತಿದ್ದರು.

ಅವರ ಶಾಲೆ ಇದ್ದದ್ದು ಭದ್ರಾ ಹೊಳೆಯ ಆಚೆ ದಡದ ಹಳ್ಳಿಯಲ್ಲಿ. ಊರಿನ ಸೇತುವೆ ದಾಟಿ ಸುತ್ತಿ ಹೋದರೆ ಮಧ್ಯಾಹ್ನವೇ ಆಗುತ್ತಿತ್ತು. ಗದ್ದೆ ಬದುವಿನ ಮೇಲೆ ನಡೆದು, ದೋಣಿ ಹತ್ತುವ ಕಡವಿಗೆ ಹೋಗಿ ಹೊಳೆ ದಾಟಬೇಕು. ನಮ್ಮ ಕಾನ್ವೆಂಟಿನಲ್ಲಿ ಆಗಾಗ ಯಾವುದೋ ಸಂತರ ಹಬ್ಬಕ್ಕೆ ರಜೆ ಕೊಡುತ್ತಿದ್ದರು. ಸರ್ಕಾರಿ ಶಾಲೆಗೆ ಆ ಸಂತರ ಪರಿಚಯವಿರಲಿಲ್ಲ. ಅಂಥ ದಿನ ನಾನು ಟೀಚರಮ್ಮನ ಜೊತೆ ಹೊರಡುತ್ತಿದ್ದೆ.

ಕಡವಿನಲ್ಲಿ ಎರಡು ಪಕ್ಷ. ಒಂದು ಸಂಗಡದವರದು. ಎರಡು ದೊಡ್ಡ ದೋಣಿ ಜೋಡಿಸಿ, ಮೇಲೆ ಹಲಗೆ ಬಡಿದು, ಗಾಡಿ, ಎತ್ತು, ಸೈಕಲ್ಲು ಎಲ್ಲವನ್ನೂ ಸಾಗಿಸುವಂಥದ್ದು ಈ ಸಂಗಡ. ದಡದಿಂದ ದಡಕ್ಕೆ ಕಟ್ಟಿದ್ದ ತೋಳು ಗಾತ್ರದ ನಾರಿನ ಹಗ್ಗವನ್ನು ಆಳುಗಳು ಜಗ್ಗಿ ಜಗ್ಗಿ ಅದನ್ನು ಮುಂದೆ ಎಳೆಯುತ್ತಿದ್ದರು. ಇನ್ನೊಂದು ಪಕ್ಷ ಹರಿಗೋಲಿನವರದು. ಬಿದಿರ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲು ನೀರಿನ ಸೆಳೆತಕ್ಕೆ ಓರೆಯಾಗಿ ಕೆಳಗೆ ಜಾರುತ್ತಾ ದಾಟುತ್ತದೆ. ಹಾಗೆ ಜಾರುವಾಗ ಅದು ಈ ಹಗ್ಗವನ್ನು ಹಾದೇ ಹೋಗಬೇಕು. ಹಗ್ಗ ಸಡಿಲ ಬಿಟ್ಟರೆ ನೀರಲ್ಲಿ ಮುಳುಗುತ್ತದೆ, ಹರಿಗೋಲು ಮೇಲಿಂದ ಹೋಗುತ್ತದೆ. ಆದರೆ ಸಡಿಲ ಬಿಟ್ಟರೆ ಸಂಗಡ ಅಷ್ಟು ದೂರ ಬಂದದ್ದು ಹಿಂದಕ್ಕೆ ತೇಲುತ್ತದೆ. ಬಿಡದಿದ್ದರೆ ಹರಿಗೋಲಿನಲ್ಲಿ ಕೂತವರ ಕೊರಳಿಗೆ ಸರಿಯಾಗಿ ಹಗ್ಗ.

ಜಗಳ ಇಷ್ಟೇ. ಇಷ್ಟೇ ಜಗಳ ವರ್ಷವಿಡೀ ನಡೆಯುತ್ತಿತ್ತು.

ಇದರ ಜೊತೆಗೆ, ಸಂಗಡದ ಯಜಮಾನನ ಹೆಂಡತಿ ಹರಿಗೋಲಿನ ಯಜಮಾನನ ಸ್ವಂತ ಅಕ್ಕ. ಹಾಗಾಗಿ ಬೈಗುಳವೆಲ್ಲ ಬಂಧುತ್ವದಲ್ಲೇ ಆಗಬೇಕು.

“ಭಾವಾ, ಹಗ್ಗ ಬಿಡ್ತೀಯೋ ಇಲ್ವೋ?”

“ನಿಮ್ಮಕ್ಕನ್ನ ಕಟ್ಟಿಕೊಂಡಿದ್ದೇ ಸಾಕಾಗೈತೆ, ನಿನಗ್ ಬೇರೆ ಹಗ್ಗ ಬಿಡ್ಬೇಕಾ? ಸುತ್ತು, ಅಲ್ಲೇ ಬುಗುರಿ ಸುತ್ತಿದಂಗೆ ಸುತ್ತು!”

“ಸಂಗಡ ಅಂತೆ ಸಂಗಡ! ಎಮ್ಮೆ ಈಜಿದ್ರೂ ಇದಕ್ಕಿಂತ ಬೇಗ ದಡ ಸೇರ್ತದೆ!”

ಮಧ್ಯಾಹ್ನ ಆ ಅಕ್ಕ ಬುತ್ತಿ ಹೊತ್ತು ಬಂದಾಗ ಇಬ್ಬರೂ ಒಂದೇ ಮರದ ಕೆಳಗೆ, ಒಂದೇ ಸಾರಿನಲ್ಲಿ, ಮಾತಿಲ್ಲದೆ ಊಟ ಮಾಡುತ್ತಿದ್ದರು. ಕೈ ತೊಳೆದ ಮೇಲೆ ಜಗಳ ಬಿಟ್ಟಲ್ಲಿಂದ ಶುರು.

ಒಮ್ಮೆ ಹೀಗೆ ನಡುಹೊಳೆಯಲ್ಲಿ ಸಿಕ್ಕಿಕೊಂಡ ದಿನ ಟೀಚರಮ್ಮ ಶಾಲೆಗೆ ತಡವಾದರು. ಯಾರೋ ಮೇಲಕ್ಕೆ ಅರ್ಜಿ ಬರೆದರು. ಆಮೇಲೆ ಹಳ್ಳಿಯ ಶಾನುಭೋಗರು ಕಡವಿಗೆ ಬಂದು, ಹೊಳೆಯ ಮಧ್ಯೆ ಬೆನ್ನು ಕಾಣುತ್ತಿದ್ದ ಬಂಡೆಯ ಕಡೆ ಬೆರಳು ತೋರಿಸಿ ತೀರ್ಪು ಕೊಟ್ಟರು. “ಯಾರು ಆ ಬಂಡೆ ಮೊದಲು ಮುಟ್ತಾರೋ ಅವರಿಗೆ ದಾರಿ. ಇನ್ನೊಬ್ಬರು ಸುಮ್ಮನೆ ಕಾಯ್ಬೇಕು.” ಎಲ್ಲರೂ ಒಪ್ಪಿದರು. ನ್ಯಾಯವಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಜನ ಕಡವಿಗೆ ಬಂದು ನೋಡುತ್ತಾರೆ… ಸಂಗಡವೂ ಹರಿಗೋಲೂ ಬಂಡೆಯ ಆಚೀಚೆ ಅಂಟಿಕೊಂಡು ನಿಂತಿವೆ. ಎರಡೂ ಖಾಲಿ. ಮೊದಲು ಮುಟ್ಟಬೇಕೆಂಬ ಆತುರದಲ್ಲಿ ನಸುಕಿನಲ್ಲೇ ಹೊರಟವರು ಜನರನ್ನು ಹತ್ತಿಸಿಕೊಂಡೇ ಇರಲಿಲ್ಲ. ಮುಟ್ಟಿದ್ದು ಬಿಟ್ಟು ದಡಕ್ಕೆ ಬಂದರೆ ಸರದಿ ತಪ್ಪುತ್ತದಲ್ಲ! ಎರಡೂ ದಡದಲ್ಲಿ ಜನ ಕೂಗುತ್ತಿದ್ದಾರೆ, ಇವರು ಬಂಡೆ ಅಪ್ಪಿಕೊಂಡು ಬೀಡಿ ಸೇದುತ್ತಿದ್ದಾರೆ.

ಆ ದಿನವೂ ಟೀಚರಮ್ಮನಿಗೆ ತಡವಾಯಿತು. ಸಂಜೆ ಅವರು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಮ್ಮನ ಜೊತೆ ಅವರೆಕಾಳು ಹಿಸುಕುತ್ತಾ ವಿಷಯ ಹೇಳಿದರು. ದನಿ ಎಂದಿನಂತೆಯೇ ಇತ್ತು. ಆದರೆ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದರು.

“ಇನ್ನೊಂದ್ಸಲ ಬಾಗಿಲು ತಡವಾಗಿ ತೆಗೆದ್ರೆ ಶಾಲೆ ಮುಚ್ತೀವಿ ಅಂತ ಕಾಗದ ಬಂದಿದೆ ಅಮ್ಮಾ. ಮಕ್ಕಳನ್ನ ಮೂರು ಮೈಲಿ ಆಚೆಯ ಶಾಲೆಗೆ ಸೇರಿಸ್ತಾರಂತೆ. ಗಂಡು ಹುಡುಗ್ರು ಹೋದಾರು. ಹೆಣ್ಣು ಮಕ್ಕಳನ್ನ ಯಾರು ಕಳಿಸ್ತಾರೆ? ನಾನಿದ್ದೀನಿ ಅಂತ ಕಳಿಸ್ತಿದಾರೆ, ಅಷ್ಟೇ.”

ಅಮ್ಮ ಕಾಳನ್ನು ಸಿಪ್ಪೆಯಿಂದ ಆರಿಸಿ ಬೇರೆ ಮಾಡುತ್ತಾ ಕೂತರು.

ಮುಂದಿನ ಸಂತರ ಹಬ್ಬ ಯಾವುದಾಗಿತ್ತೋ… ಆ ದಿನ ನಾವಿಬ್ಬರೂ ಬಹಳ ಬೇಗ ಹೊರಟೆವು. ಅಷ್ಟು ಹೊತ್ತಿಗೆ ಕಡವಿನವರು ಖಾಲಿ ಹೋಗುವುದನ್ನು ಬಿಟ್ಟಿದ್ದರು. ಜನ ಹೊಡೆಯಲು ಬಂದಿದ್ದರಂತೆ. ಸಂಗಡ ಆಗಲೇ ಹೊರಟಿತ್ತು. ಅದರ ಮೇಲೆ ಮಡಕೆ ತುಂಬಿದ ಒಂದು ಗಾಡಿ, ಎರಡು ಎತ್ತು, ಒಂದು ಸೈಕಲ್ಲು, ಸೈಕಲ್ಲನ್ನು ಮಗುವಿನಂತೆ ಹಿಡಿದುಕೊಂಡ ಕೋಟು ಹಾಕಿದ ಒಬ್ಬ ಗಂಡಸು. ನಾವು ಹರಿಗೋಲು ಹತ್ತಿದೆವು. ಅದು ಚುರುಕು.

ಬಂಡೆಯ ಹತ್ತಿರ ಎರಡೂ ಒಟ್ಟಿಗೆ ಬಂದವು. ಹರಿಗೋಲಿನ ಯಜಮಾನ ಕೈಯಲ್ಲಿದ್ದ ಹುಟ್ಟಿನಿಂದ ಬಂಡೆ ಮುಟ್ಟಿದ. ಸಂಗಡದ ಹಲಗೆಯೂ ಬಂಡೆಗೆ ತಾಗಿತು.

“ನಾನ್ ಮೊದ್ಲು!”

“ಹುಟ್ಟು ತಾಗಿದ್ರೆ ಲೆಕ್ಕ ಇಲ್ಲ ಕಣೋ! ಮೈ ತಾಗ್ಬೇಕು!”

“ಹಂಗಂತ ಯಾರ್ ಹೇಳಿದ್ದು? ನಿಮ್ಮಪ್ಪನಾ?”

“ನಮ್ಮಪ್ಪ ನಿನಗೇನಾಗ್ಬೇಕು ಅಂತ ನೋಡ್ಕೊಂಡ್ ಮಾತಾಡು!”

ಹರಿಗೋಲಿನ ಯಜಮಾನ ಒಂದು ಕ್ಷಣ ಸಂಬಂಧ ಲೆಕ್ಕ ಹಾಕಿದ. ಆಮೇಲೆ ಸಂಗಡದ ಮುಂದೆಯೇ ಬಿಗಿಯಾಗಿದ್ದ ಹಗ್ಗವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಹರಿಗೋಲನ್ನು ಅಲ್ಲೇ ನಿಲ್ಲಿಸಿಬಿಟ್ಟ. ಅವನ ಆಳೂ ಹಿಡಿದ. ಈಗ ಸಂಗಡ ಮುಂದೆ ಹೋಗುವಂತಿಲ್ಲ, ನಾವು ಕೆಳಗೆ ಹೋಗುವಂತಿಲ್ಲ. ಒಂದು ಎತ್ತು ಮೂತ್ರ ಮಾಡಿತು. ಕೋಟಿನವರು ಸೈಕಲ್ಲನ್ನು ಎತ್ತಿ ಹಿಡಿದರು.

ಸಂಗಡದ ಆಳೊಬ್ಬ ಟೀಚರಮ್ಮನ ಕಡೆ ಬಾಗಿ ಪಿಸುಗುಟ್ಟಿದ. “ಅಮ್ನೋರೆ, ಕೋಟಿನ ಸಾಹೇಬ್ರು ಸ್ಕೂಲ್ ಇನ್ಸ್‌ಪೆಕ್ಟ್ರಂತೆ. ನಿಮ್ ಶಾಲೆಗೇ ಹೊಂಟವ್ರೆ.”

ಅವರ ಮುಖದ ಬಣ್ಣ ಇಳಿದದ್ದು ನನಗೆ ಈಗಲೂ ಕಾಣುತ್ತದೆ. ಕುತ್ತಿಗೆಯ ಪೌಡರಿನ ಗೆರೆಯೂ ಮುಖವೂ ಒಂದೇ ಬಣ್ಣ ಆಗಿಬಿಟ್ಟವು. ಆಚೆ ದಡದಲ್ಲಿ, ದಿನವೂ ಅವರ ಚೀಲ ಹೊರಲು ಬರುತ್ತಿದ್ದ ಮಕ್ಕಳು ಸಾಲಾಗಿ ನಿಂತಿದ್ದರು. ಇನ್‌ಸ್ಪೆಕ್ಟರು ಕೋಟಿನ ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ಶಾಲೆಯ ಹೊತ್ತಾಗಿತ್ತು.

ಟೀಚರಮ್ಮ ಚೀಲದಿಂದ ಗಂಟೆ ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿ, ಆ ಬಟ್ಟೆಯನ್ನು ನನ್ನ ಕೈಗಿತ್ತರು. ಕೊಡೆಯನ್ನೂ ಕೊಟ್ಟರು. ಎದ್ದು ನಿಂತರು.

ಹರಿಗೋಲಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. “ಅಯ್ಯಯ್ಯೋ, ಕೂತ್ಕಳಿ ಅಮ್ನೋರೆ! ಮಗುಚ್ತದೆ! ನನ್ ಹೆಂಡ್ತಿ ಮಕ್ಳ ಮುಖ ನೋಡಿ!” ಎಂದು ಯಜಮಾನ ಅರಚಿದ. ಅವರು ಜಗಳದ ಹಗ್ಗವನ್ನೇ ಎಡಗೈಯಲ್ಲಿ ಹಿಡಿದು ನೇರವಾಗಿ ನಿಂತು, ಬಲಗೈಯಲ್ಲಿ ಗಂಟೆ ಬಾರಿಸಿದರು.

ಢಣ್, ಢಣ್, ಢಣ್. ಹೊಳೆಯ ಮೇಲೆ ಅಷ್ಟು ದೊಡ್ಡ ಸದ್ದಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಜಗಳ ನಿಂತಿತು. ಆಚೆ ದಡದ ಮಕ್ಕಳು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಚಪ್ಪಲಿ ಇಲ್ಲದವರು ಬಿಟ್ಟಂತೆ ಮಾಡಿ, ಕೈಮುಗಿದು ಸಾಲಾದರು.

“ಗಂಗಮ್ಮಾ!” ಟೀಚರಮ್ಮ ನೀರಿನಾಚೆ ಕೂಗಿದರು.

“ಹಾಜರ್ ಟೀಚರ್!”

“ರುದ್ರಾ!”

“ಅವ್ನು ಎಮ್ಮೆ ಹೊಡ್ಕೊಂಡು ಹೋಗವ್ನೆ ಟೀಚರ್!”

“ಎಲ್ಲಿಗೆ?”

“ಇಲ್ಲೇ ನೀರಲ್ಲವ್ನೆ ಟೀಚರ್!”

ಎಮ್ಮೆಗಳ ನಡುವಿನಿಂದ ಒಂದು ಕೈ ಮೇಲೆದ್ದಿತು. “ಹಾಜರ್!”

ಹಾಜರಿ ಮುಗಿಯಿತು. ಮಗ್ಗಿ ಶುರುವಾಯಿತು. “ಏಳೊಂದ್ಲ ಏಳು!” ಎಂದರು ಟೀಚರಮ್ಮ. ದಡ ಪೂರ್ತಿ “ಏಳೊಂದ್ಲ ಏಳು!” ಎಂದಿತು. ನಾನೂ ಸೇರಿದೆ. ಕಾನ್ವೆಂಟಿನಲ್ಲಿ ನಾವು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆವು, ಆದರೆ ಹೊಳೆಯ ಮೇಲೆ ಅದು ಬಾಯಿಗೆ ಬರಲಿಲ್ಲ. ಆಮೇಲೆ ಹಗ್ಗ ಹಿಡಿದಿದ್ದ ಆಳುಗಳೂ ಸೇರಿದರು. ಕೂಗಿಗೆ ತಕ್ಕಂತೆ ಹಗ್ಗ ಜಗ್ಗಿ ಜಗ್ಗಿಯೇ ಬೆಳೆದ ಕೈಗಳು ಅವು. ಬಾಯಿ “ಏಳೆರಡ್ಲ” ಎಂದರೆ ಕೈ ಮುಂದಕ್ಕೆ ಚಾಚುತ್ತಿತ್ತು, “ಹದಿನಾಲ್ಕು” ಎಂದರೆ ಜಗ್ಗುತ್ತಿತ್ತು. ಸಂಗಡ ಮುಂದೆ ಸರಿಯಿತು. ಹರಿಗೋಲಿನವರ ಕೈಯೂ ಅದೇ ಹಗ್ಗದ ಮೇಲಿತ್ತು. ಅವರೂ ಜಗ್ಗಿದರು. ಎಲ್ಲರೂ ಬಾಯ್ತುಂಬ ಮಗ್ಗಿ ಹೇಳುತ್ತಾ, ತಾವು ಏನು ಮಾಡುತ್ತಿದ್ದೇವೆಂದು ತಿಳಿಯದೆ, ಒಂದರ ಹಿಂದೆ ಒಂದು ಅಂಟಿಕೊಂಡೇ ದಡದ ಕಡೆ ಹೊರಟೆವು.

ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡು ಕೇಳಿದರು. “ಹದಿಮೂರರ ಮಗ್ಗಿ ಬರುತ್ತಾ ಮಕ್ಕಳಿಗೆ?”

“ಬರುತ್ತೆ ಸಾರ್” ಎಂದರು ಟೀಚರಮ್ಮ. “ಆದ್ರೆ ದಡ ಸೇರೋವರೆಗೂ ಏಳರದ್ದೇ ಇರ್ಲಿ. ಹದಿಮೂರರಲ್ಲಿ ಹಗ್ಗ ಜಗ್ಗೋ ಇವರು ತಪ್ತಾರೆ.”

ದಡ ಮುಟ್ಟಿದ ಕ್ಷಣದಲ್ಲೇ ಯಾರು ಮೊದಲು ಮುಟ್ಟಿದ್ದೆಂದು ಭಾವ ಭಾಮೈದ ಮತ್ತೆ ಶುರು ಮಾಡಿದರು. ಆದರೆ ನಾವ್ಯಾರೂ ಆ ಕಡೆ ನೋಡಲಿಲ್ಲ. ಇನ್‌ಸ್ಪೆಕ್ಟರು ಸೈಕಲ್ಲಿನ ಸೀಟು ಒರೆಸುತ್ತಾ ನಿಂತಿದ್ದರು. ಟೀಚರಮ್ಮ ಅವರ ಮುಂದೆ ನಿಂತಿದ್ದರು, ಮೊಣಕಾಲವರೆಗೆ ಸೀರೆ ಒದ್ದೆ.

“ಶಾಲೆ ಹೊತ್ತಿಗೆ ಸರಿಯಾಗಿ ತೆಗೀತು ಅಂತ ಬರೀತೀನಿ” ಎಂದರು ಇನ್‌ಸ್ಪೆಕ್ಟರು. “ಎಲ್ಲಿ ತೆಗೀತು ಅಂತ ಬರೆಯೋಕೆ ಜಾಗ ಇಲ್ಲ. ಶಾಲೆ ಇರುತ್ತಮ್ಮ. ಆದ್ರೆ ನೀವು ಇಲ್ಲೇ, ಈ ದಡದಲ್ಲೇ ಮನೆ ಮಾಡ್ಬೇಕು. ಈ ತಿಂಗಳೊಳಗೆ. ಇನ್ನೊಂದ್ಸಲ ನೀರಿನ ಮೇಲೆ ಇನ್‌ಸ್ಪೆಕ್ಷನ್ ಮಾಡೋ ಧೈರ್ಯ ನನಗಿಲ್ಲ.”

ಗಂಗಮ್ಮನೆಂಬ ಹುಡುಗಿ ಟೀಚರಮ್ಮನ ಸೆರಗು ಹಿಂಡಿ ನೀರು ತೆಗೆಯುತ್ತಿದ್ದಳು. ಟೀಚರಮ್ಮ “ಆಗ್ಲಿ ಸಾರ್” ಎಂದರು. ಎಷ್ಟು ಸಂತೋಷದಿಂದ ಅಂದರೆಂದರೆ… ನನಗೆ ಸ್ವಲ್ಪ ನೋವಾಯಿತು.

ಮಳೆಗಾಲಕ್ಕೆ ಮೊದಲೇ ಅವರು ಹೊರಟರು. ಅಮ್ಮನೂ ನಾನೂ ಕಡವಿನವರೆಗೆ ಹೋದೆವು. ಮಂಚ, ಟ್ರಂಕು, ತುಳಸಿಯ ಕುಂಡ ಸಂಗಡದ ಮೇಲೆ. ಅವರು ಹರಿಗೋಲಿನಲ್ಲಿ. ಅಮ್ಮ ಹುರಿಹಿಟ್ಟಿನ ಡಬ್ಬಿಯನ್ನು ಅವರ ಮಡಿಲಿಗೆ ಹಾಕಿ, “ಡಬ್ಬಿ ವಾಪಸ್ ಕೊಡೋ ಆತುರ ಇಲ್ಲ” ಎಂದಷ್ಟೇ ಹೇಳಿದರು.

ಬಂಡೆಯ ಹತ್ತಿರ ಎರಡೂ ಮತ್ತೆ ಎದುರುಬದುರಾದವು. ಸಂಗಡದ ಯಜಮಾನ ಕೇಳುವ ಮೊದಲೇ ಹಗ್ಗ ಸಡಿಲ ಬಿಟ್ಟ.

“ಹೋಗೋ ಮಾರಾಯ, ಅಮ್ನೋರು ಬಿಸಿಲಲ್ಲವ್ರೆ.”

“ನೀನ್ ನಡಿ ಭಾವ. ಸಾಮಾನು ಮೊದ್ಲು ಹೋಗ್ಲಿ. ಅವರು ಹೋಗಿ ಬರೀ ಮನೆಯಾಗೆ ಕೂತ್ಕಬೇಕಾ?”

“ಇಲ್ಲ, ನೀನೇ.”

“ಆಗಲ್ಲ ಭಾವ, ನೀನು.”

ಯಾರೂ ಕದಲಲಿಲ್ಲ. ಹಿಂದೆ ಕಾದಿದ್ದ ಗಾಡಿಯವರು ದಡದಲ್ಲಿ ಕೂಗಲು ಶುರುಮಾಡಿದರು. ಹೊಳೆಯ ಮಧ್ಯೆ ಟೀಚರಮ್ಮ ಕೊಡೆ ಬಿಚ್ಚಿಕೊಂಡು, ಒಬ್ಬರಾದ ಮೇಲೆ ಒಬ್ಬರ ಕಡೆ ತಿರುಗುತ್ತಾ, ನಗುತ್ತಾ ಕೂತಿದ್ದರು. ಅಷ್ಟು ಹೊತ್ತೂ ನಾವು ಅವರನ್ನು ನೋಡುತ್ತಾ ನಿಂತೆವು. ಆ ಕಡವಿನಲ್ಲಿ ದಾರಿ ಕಟ್ಟಿದ್ದಕ್ಕೆ ಅಮ್ಮ ಬೈಯದೆ ಇದ್ದ ದಿನ ಅದೊಂದೇ.

ಆಮೇಲೆ ಟೀಚರಮ್ಮ ಎರಡು ಮೂರು ಸಲ ನಮ್ಮ ಮನೆಗೆ ಬಂದಿದ್ದರು. ಅಪ್ಪನಿಗೆ ವರ್ಗವಾಯಿತು, ನನಗೆ ಮದುವೆಯಾಯಿತು. ಕಡವಿನ ಜಾಗದಲ್ಲಿ ಸೇತುವೆ ಬಂತು. ಸಂಗಡ, ಹರಿಗೋಲು ಎಲ್ಲಿ ಹೋದವೋ…

ಹಗ್ಗ ನೆನೆಹಾಕಿದ ಆ ವಾರವೇ ಮಗನಿಗೆ ಹೇಳಿ ಕಾರಿನಲ್ಲಿ ಆ ಕಡೆ ಹೋಗಿದ್ದೆ. “ಅಮ್ಮಾ, ಹೊಳೆ ಬಂತು ನೋಡು” ಎಂದ. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಹೊಳೆ ಮುಗಿದಿತ್ತು. ಹಳ್ಳಿಯ ಬಸ್ ಸ್ಟಾಪಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಮೊಮ್ಮಗಳ ಜಡೆ ಹೆಣೆಯುತ್ತಾ ಕೂತಿದ್ದಳು. ಟೀಚರಮ್ಮನ ಮನೆ ಯಾವುದೆಂದು ಕೇಳಿದೆ.

“ಟೀಚ್ರಮ್ಮನಾ? ಅವ್ರು ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ ಮಾರಾಯ್ತಿ” ಎಂದು, ಜಡೆ ಬಿಟ್ಟು ನನ್ನನ್ನು ನೋಡಿದಳು. “ನೀನು ಯಾವ ವರ್ಷದ್ದು? ನನ್ನ ಹಿಂದಿನದಾ, ಮುಂದಿನದಾ?”

ನಾನು ಅವರ ಹತ್ತಿರ ಓದಿದವಳಲ್ಲ, ಆಚೆ ದಡದಲ್ಲಿ ಪಕ್ಕದ ಮನೆಯವಳು, ಅವರು ಇಲ್ಲಿಗೆ ಬರುವ ಮೊದಲು ನಮ್ಮ ಜೊತೆ ಇದ್ದರು ಎಂದೆ.

“ಅಯ್ಯೋ, ಹಂಗಾದ್ರೆ ನಿಮ್ಗೆ ಅವ್ರು ಸಿಕ್ಕಿದ್ದು ಕಮ್ಮಿ ಬಿಡಿ” ಎಂದಳು.

ಹೌದು. ಕಮ್ಮಿಯೇ.